ಸುಮ್ಮನಿದ್ದ ಬಾಟಲಿ

"ಸಹಿ ಹಾಕಲ್ಲ."

ಮೊಂಡಿ ಪೆನ್ನನ್ನು ಇನ್‌ಸ್ಪೆಕ್ಟರ್ ಕಡೆಗೇ ಉರುಳಿಸಿದಳು. ಅದು ಮೇಜಿನ ಅಂಚು ದಾಟಿ ಕೆಳಗೆ ಬಿತ್ತು. ಯಾರೂ ಎತ್ತಲಿಲ್ಲ.

"ಓದಿ ನೋಡಿದ್ಯಾ?"

"ಓದಿದೆ. ನಶೆ ಏರಲಿ ಅಂತ ತಿಳಿಯದೆ ಸ್ಪಿರಿಟ್ ಬೆರೆಸಿದೆ, ಅಂತ ಬರೆದಿದ್ದೀರಿ. ನಾನು ತಿಳಿದೂ ಬೆರೆಸಿಲ್ಲ, ತಿಳಿಯದೆಯೂ ಬೆರೆಸಿಲ್ಲ."

ಅವಳು ಮೊದಲ ಸಲ ಮನೆಯಲ್ಲಿ ಮಾಡಿದ ಪ್ಲಮ್ ವೈನ್ ಕುಡಿದು, ಅವಳು ಕೆಲಸಕ್ಕಿದ್ದ ಬೇಕರಿಯ ಯಜಮಾನರು ಸತ್ತು ಇನ್ನೂ ವಾರ ತುಂಬಿರಲಿಲ್ಲ. ಅಂಗಡಿಯ ವಾರ್ಷಿಕೋತ್ಸವದ ದಿನ ಕುಡಿದರು. ಮರುದಿನ ಕಣ್ಣು ಮಂಜು ಎಂದರು. ಆಮೇಲೆ ಮಲಗಿದವರು ಏಳಲಿಲ್ಲ. ಬಾಟಲಿಯ ತಳದಲ್ಲಿ ಉಳಿದಿದ್ದನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಮರಕ್ಕೆ ಪಾಲಿಶ್ ಹೊಡೆಯುವ ಸ್ಪಿರಿಟ್.

"ನೋಡಮ್ಮಾ," ಇನ್‌ಸ್ಪೆಕ್ಟರ್ ದನಿ ತಗ್ಗಿಸಿದ. ಕೆಟ್ಟ ಮನುಷ್ಯನಲ್ಲ, ಆತುರದ ಮನುಷ್ಯ. "ನಿನ್ನ ಅಣ್ಣ ಪಾಲಿಶ್ ಕೆಲಸದವನು. ಮನೇಲಿ ಸ್ಪಿರಿಟ್ ಡಬ್ಬಿಗಳಿವೆ. ನೀನು ಈಗಿನ್ನೂ ಕಲೀತಿರೋಳು. ಒಂದು ಮುಚ್ಚಳ ಹಾಕು, ಚೆನ್ನಾಗಿ ಏರುತ್ತೆ ಅಂತ ಯಾರೋ ತಲೆಹರಟೆ ಹೇಳಿರ್ತಾನೆ. ಒಪ್ಕೊಂಡ್ರೆ ಕಡಿಮೆ ಶಿಕ್ಷೆಲಿ ಮುಗಿಯುತ್ತೆ. ಇಲ್ಲಾಂದ್ರೆ ಬೇಕಂತಲೇ ಕೊಂದಳು ಅಂತ ಬರೀಬೇಕಾಗುತ್ತೆ. ಸಂಜೆಯೊಳಗೆ ಹೇಳು."

"ಸಂಜೆ ಯಾಕೆ? ಈಗಲೇ ಹೇಳಿದ್ನಲ್ಲ."

ಗೋಡೆಗೊರಗಿ ನಿಂತಿದ್ದ ಅಣ್ಣ ಮುಂದೆ ಬಂದ. ಅವನ ಉಗುರುಗಳ ಸಂದಿನಲ್ಲಿ ಪಾಲಿಶ್‌ನ ಕಂದು ಬಣ್ಣ ಎಂದೂ ಹೋಗುತ್ತಿರಲಿಲ್ಲ. "ಹಾಕಿಬಿಡೇ. ನನ್ನ ಡಬ್ಬಿಯಿಂದಲೇ ತಗೊಂಡಿರ್ಬೇಕು ಅಂತ ನಾನೂ ಹೇಳಿದ್ದೀನಿ. ಎಲ್ಲಾ ಸುಲಭ ಆಗುತ್ತೆ."

"ನಾನು ತಗೊಂಡಿದ್ದನ್ನ ನೀನು ನೋಡಿದ್ಯಾ?"

"ನೋಡಿಲ್ಲ. ಆದ್ರೂ..."

"ಆದ್ರೂ ಅಂದ್ರೆ ಏನೋ? ತಂಗೀನ ಜೈಲಿಗೆ ಕಳಿಸೋದಕ್ಕೆ ಆದ್ರೂ ಅನ್ನೋ ಒಂದು ಮಾತು ಸಾಕಾ?"

"ನೀನು ಬೇಕರಿ ಕಡೆ ಹೋಗಿದ್ಯೇನಯ್ಯಾ ಆ ವಾರ?" ಇನ್‌ಸ್ಪೆಕ್ಟರ್ ಸುಮ್ಮನೆ ಕೇಳಿದ.

"ನಾನ್ಯಾಕೆ ಹೋಗ್ಲಿ ಸರ್? ನಂಗೆ ಸಿಹಿ ಆಗಲ್ಲ."

ಅಷ್ಟು ಹೊತ್ತೂ ಮೂಲೆಯ ಬೆಂಚಿನಲ್ಲಿ ಕೂತು ಕೊಡೆಯ ಹಿಡಿಯನ್ನು ಸೆರಗಿನಿಂದ ಒರೆಸುತ್ತಿದ್ದ ಸೋದರತ್ತೆ ಎದ್ದರು. ಇದೇ ಠಾಣೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬೀದಿಯಲ್ಲಿ ಅವರಿಗೆ ಇವತ್ತಿಗೂ ದಫೇದಾರಮ್ಮ ಎಂದೇ ಹೆಸರು. ಸೋದರಸೊಸೆಗೆ ಮೊಂಡಿ ಎಂದು ಹೆಸರಿಟ್ಟವರೂ ಅವರೇ. ಹುಟ್ಟುವಾಗಲೇ ತಲೆಯ ಬದಲು ಕಾಲು ಮುಂದೆ ಇಟ್ಟುಕೊಂಡು ಬಂದವಳು, ಇವಳಿಗೆ ಬೇರೆ ಹೆಸರು ಹೊಂದುವುದಿಲ್ಲ ಎಂದಿದ್ದರಂತೆ.

"ಸಂಜೆ ತನಕ ಟೈಮಿದೆಯಲ್ಲ ಸರ್," ಎಂದರು. "ಇವಳ ಮನೆಯಿಂದ ನೀವು ಎತ್ಕೊಂಡು ಬಂದ ಬಾಟಲಿಗಳು ಹಾಗೇ ಇವೆಯಾ?"

"ಇವೆ. ಒಂದನ್ನೂ ತೆಗೆದಿಲ್ಲ."

"ತೆಗೀಬೇಡಿ."

*

ಮನೆಯ ಮೆಟ್ಟಿಲ ಕೆಳಗಿನ ಗೂಡು ಈಗ ಖಾಲಿ. ಮೊಂಡಿ ಅಲ್ಲೇ ವೈನ್ ಮಾಡಿದ್ದು. ಕೇಕ್‌ಗೆ ತರಿಸಿ ಉಳಿದ ಪ್ಲಮ್ ಹಣ್ಣನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೈಯಿಂದಲೇ ಹಿಸುಕಿದ್ದಳು. ಸಕ್ಕರೆ ಸುರಿದಿದ್ದಳು. ಬ್ರೆಡ್ಡಿಗೆ ಹಾಕುವ ಯೀಸ್ಟನ್ನೇ ಬೆಚ್ಚಗಿನ ನೀರಿನಲ್ಲಿ ಕದಡಿ ಬೆರೆಸಿದ್ದಳು. ನೊರೆ ಎದ್ದು ಬುಸುಗುಟ್ಟಿದಾಗ ಹಾವು ಸಾಕಿದ ಹಾಗಾಯ್ತು ಎಂದು ಅಮ್ಮ ಹೆದರಿದ್ದಳು. ಆಮೇಲೆ ಸೋಸಿ, ದೊಡ್ಡ ಗಾಜಿನ ಜಾಡಿಗೆ ತುಂಬಿ, ಬಾಯಿಗೆ ಸೂಜಿಯಿಂದ ಚುಚ್ಚಿದ ಬಲೂನು ಕಟ್ಟಿದ್ದಳು. ಒಳಗೆ ಹುದುಗು ಉಸಿರಾಡುತ್ತಿರುವ ತನಕ ಬಲೂನು ನಿಗುರಿ ನಿಂತಿರುತ್ತದೆ. ಕೆಲಸ ಮುಗಿದರೆ ಜೋತುಬೀಳುತ್ತದೆ. ಆಮೇಲಷ್ಟೇ ಬಾಟಲಿಗೆ ತುಂಬಿ ಕಾರ್ಕ್ ಒತ್ತಬೇಕು.

"ಬಲೂನು ಪೂರ್ತಿ ಬಿದ್ದ ಮೇಲೇ ತುಂಬಿಸಿದೆ ಅಂತ ಹೇಳಿದ್ಯಲ್ಲ?" ದಫೇದಾರಮ್ಮ ಗೂಡಿನೊಳಗೆ ತಲೆ ತೂರಿಸಿದ್ದರು.

"ಹೂಂ."

"ಪೊಲೀಸರಿಗೂ ಅದನ್ನೇ ಹೇಳಿದ್ಯಾ?"

"ಎಲ್ಲರಿಗೂ."

"ಹಾಗಾದ್ರೆ ಮೇಲೆ ಈ ಕೆಂಪು ಏನೇ?"

ಮೆಟ್ಟಿಲ ಅಡಿಭಾಗದಲ್ಲಿ ಚಿಮ್ಮಿದ ಕೆಂಪು ಕಲೆ ಒಣಗಿ ಕಪ್ಪಾಗಿತ್ತು.

"ಟೊಮೆಟೊ."

ದಫೇದಾರಮ್ಮ ಮೂಲೆಯಲ್ಲಿದ್ದ ಪೊರಕೆಯನ್ನು ನೆಲಕ್ಕೆ ಕುಟ್ಟಿದರು. ಕಡ್ಡಿಗಳ ನಡುವಿನಿಂದ ಹಸಿರು ಗಾಜಿನ ಚೂರೊಂದು ಉದುರಿತು. "ಈಗಿನ ಟೊಮೆಟೊ ಗಾಜಿನ ಸಿಪ್ಪೇಲಿ ಬರುತ್ತಾ?"

ಮೊಂಡಿಗೆ ಠಾಣೆಯಲ್ಲಿ ಬಾರದ ನಾಚಿಕೆ ಇಲ್ಲಿ ಬಂತು.

"ಒಂದು ಬಾಟಲಿ ಒಡೆದುಹೋಯ್ತು ಅತ್ತೆ. ಬಲೂನು ಇನ್ನೂ ಅರ್ಧ ನಿಂತಿತ್ತು. ವಾರ್ಷಿಕೋತ್ಸವ ಹತ್ರ ಬಂದಿತ್ತು, ಕೊಡ್ತೀನಿ ಅಂತ ಎಲ್ಲರೆದುರು ಜಂಬ ಕೊಚ್ಕೊಂಡಿದ್ದೆ. ಅವಸರಕ್ಕೆ ತುಂಬಿ ಕಾರ್ಕ್ ಒತ್ತಿಬಿಟ್ಟೆ. ಒಳಗೆ ಇನ್ನೂ ಉಕ್ತಾ ಇತ್ತು. ಒಡೆದ ಮೇಲೆ ಉಳಿದವಕ್ಕೆಲ್ಲ ಕೇಕ್ ಡಬ್ಬಿ ದಾರ ಸುತ್ತಿ ಕಾರ್ಕ್ ಬಿಗಿದೆ. ನಿಮ್ಮನೆಗೂ ಓಡಿ ಬಂದು ನಿಮ್ಮ ಬಾಟಲಿಗೆ ಕಟ್ಟಿದ್ದು ಅದಕ್ಕೇ."

"ಚೆಂದಕ್ಕೆ ಕಟ್ಟಿದ್ದು ಅಂದ್ಯಲ್ಲೇ ಅವತ್ತು?"

"ಅಂದೆ."

"ಯಜಮಾನರ ಬಾಟಲಿಗೆ?"

"ಅದನ್ನ ಆಗಲೇ ಕೊಟ್ಟಾಗಿತ್ತು. ಹೋಗಿ ಹೇಳೋಕೆ ನಾಚಿಕೆ ಆಯ್ತು. ನಂಗೆ ಯೀಸ್ಟ್ ಕೆಲಸ ಕಲಿಸಿದವರೇ ಅವರು. ಹಿಟ್ಟು ಉಬ್ಬೋಕೆ ಮುಂಚೆ ಒಲೆಗೆ ಹಾಕ್ಬೇಡ ಅಂತ ದಿನಾ ಬಯ್ತಿದ್ರು. ಇದು ಗೊತ್ತಾಗಿದ್ರೆ ಸಾಯೋ ತನಕ ಆಡ್ಕೊಂಡು..."

ದಫೇದಾರಮ್ಮ ಗಾಜಿನ ಚೂರನ್ನು ಬೆಳಕಿಗೆ ಹಿಡಿದು ನೋಡಿದರು. ಮುಖದಲ್ಲಿ ನಗು ಸಣ್ಣಗೆ ಹರಡಿತು.

"ಅಂದ್ರೆ ನೀನು ತುಂಬಿಸಿದ ಯಾವ ಬಾಟಲೀನೂ ಸುಮ್ಮನೆ ಬಾಯಿ ಬಿಡಲ್ಲ."

"ಬಿಡಲ್ಲ."

"ಕತ್ತೆ! ನಿನ್ನ ಪ್ರಾಣ ಉಳಿಸೋ ಮಾತನ್ನ ಮರ್ಯಾದೆಗಂಜಿ ಮುಚ್ಚಿಟ್ಟಿದ್ದೀಯಲ್ಲೇ. ಚಪ್ಪಲಿ ಮೆಟ್ಕೋ, ನಡಿ."

*

ಬೇಕರಿಯ ಹಿಂದಿನ ಕೋಣೆಯಲ್ಲಿ ಒಲೆ ಆರಿತ್ತು. ಟ್ರೇಗಳು ಒಂದರ ಮೇಲೊಂದು ಕೂತಿದ್ದವು. ಹಿಟ್ಟು ನಾದುವ ಉದ್ದ ಮೇಜಿನ ಒಂದು ತುದಿಯಲ್ಲಿ ಇನ್‌ಸ್ಪೆಕ್ಟರ್ ನಿಂತಿದ್ದ. ಅವನ ಮುಂದೆ, ದಫೇದಾರಮ್ಮ ಕೇಳಿಕೊಂಡಂತೆ ಠಾಣೆಯಿಂದ ತಂದ ಬಾಟಲಿಗಳ ಪೆಟ್ಟಿಗೆ. ಇನ್ನೊಂದು ತುದಿಯಲ್ಲಿ ಚಿಕ್ಕ ಯಜಮಾನ, ಸತ್ತವರ ತಮ್ಮ. ಹಿಟ್ಟು ಮುಟ್ಟದಿದ್ದರೂ ಸದಾ ಏಪ್ರನ್ನಿಗೆ ಕೈ ಒರೆಸುವವನು. ಆಗಲೇ ಗಲ್ಲಾಪೆಟ್ಟಿಗೆಯ ಹಿಂದೆ ತನ್ನದೊಂದು ಕುರ್ಚಿ ಹಾಕಿಸಿದ್ದ. ನಡುವೆ ಸ್ಟೂಲಿನ ಮೇಲೆ ಸತ್ತವರ ಹೆಂಡತಿ, ಯಜಮಾನಿ.

"ಕೊಲೆ ಮಾಡಿದವಳನ್ನ ಒಳಗೆ ಬಿಟ್ಟಿದ್ದೀರಲ್ಲ," ಎಂದ ಚಿಕ್ಕ ಯಜಮಾನ.

"ಕೆಲಸಕ್ಕೆ ಬಂದಿದ್ದೀನಿ," ಎಂದಳು ಮೊಂಡಿ. "ನನ್ನ ಕೆಲಸ ಇನ್ನೂ ಯಾರೂ ಬಿಡಿಸಿಲ್ಲ."

"ಬಿಡಿಸೋಣ, ಇವತ್ತೇ..."

"ಆ ದಿನ ಬಾಟಲಿ ತೆಗೆದದ್ದು ಯಾರು?" ದಫೇದಾರಮ್ಮ ನಡುವೆ ಬಂದರು.

"ನಾನೇ. ಎಲ್ಲರೆದುರಿಗೇ. ಅದರಲ್ಲಿ ಮುಚ್ಚಿಡೋದೇನಿದೆ?"

"ಕುಡಿದದ್ದು?"

"ಅಣ್ಣ ಒಬ್ಬನೇ. ನಂಗೆ ಕೊಟ್ಟಿದ್ದು, ನಾನೇ ಕುಡೀತೀನಿ ಅಂದ. ಬನ್ನಾದ್ರೆ ಬುಟ್ಟಿಗಟ್ಟಲೆ ಹಂಚೋನು, ಲೋಟ ಮಾತ್ರ ಹಂಚ್ಕೋತಿರ್ಲಿಲ್ಲ."

"ಕಾರ್ಕ್ ಹೇಗೆ ಬಂತು?"

"ಹೇಗೆ ಅಂದ್ರೆ? ತಿರುಪು ಹಾಕಿ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಬಾಟಲಿ ತೆಗೆಯೋಕೂ ಶಾಸ್ತ್ರ ಓದ್ಬೇಕಾ?"

"ಏನೂ ಚೆಲ್ಲಲಿಲ್ವಾ?"

ಉತ್ತರ ಕೊಟ್ಟದ್ದು ಯಜಮಾನಿ. "ಒಂದು ಹನಿ ಚೆಲ್ಲಲಿಲ್ಲ. ಮೇಜಿಗೆ ನಮ್ಮಮ್ಮ ಕೊಟ್ಟ ಬಿಳಿ ಬಟ್ಟೆ ಹಾಸಿದ್ದೆ. ಕಲೆ ಬೀಳುತ್ತೇನೋ ಅಂತ ಅದನ್ನೇ ನೋಡ್ತಾ ಕೂತಿದ್ದೆ." ಸ್ವಲ್ಪ ತಡೆದು ಹೇಳಿದರು, "ಅವರು ಕುಡಿಯೋದನ್ನ ನೋಡ್ಲೇ ಇಲ್ಲ."

"ಆ ಬಟ್ಟೆ ತರ್ತೀರಾ ತಾಯಿ?"

ತಂದರು. ಹಾಸಿದರು. ಕೇಕಿನ ಪುಡಿ ಅಂಟಿದ್ದು ಬಿಟ್ಟರೆ ಬಟ್ಟೆ ಬೆಳ್ಳಗೇ ಇತ್ತು.

"ಸರ್, ಪೆಟ್ಟಿಗೆಯಿಂದ ಒಂದು ಬಾಟಲಿ ನೀವೇ ಆರಿಸಿ. ನೀವೇ ತೆಗೀರಿ," ಎಂದರು ದಫೇದಾರಮ್ಮ.

ಇನ್‌ಸ್ಪೆಕ್ಟರ್ ಒಂದನ್ನು ಎತ್ತಿ ದಾರ ಕತ್ತರಿಸಿದ. "ಇದು ಅಲಂಕಾರಕ್ಕಲ್ವಾ?" ಎಂದು ಕೇಳುವಷ್ಟರಲ್ಲಿ ಕಾರ್ಕ್ ತಾನೇ ಹಾರಿತು. ಸೂರಿನ ತಗಡಿಗೆ ಬಡಿದು ಠಣ್ ಎಂದಿತು. ಕೆಂಪು ನೊರೆ ಅವನ ಗದ್ದ, ಅಂಗಿ, ಎದೆಯ ಮೇಲಿನ ಪಟ್ಟಿ ಎಲ್ಲವನ್ನೂ ತೋಯಿಸಿ ಮೇಜಿನ ಮೇಲೆ ಹರಿಯಿತು. ಬಿಳಿ ಬಟ್ಟೆ ಅರ್ಧ ಕೆಂಪಾಯಿತು.

"ಇನ್ನೊಂದು," ಎಂದರು ದಫೇದಾರಮ್ಮ. "ಇದನ್ನ ಚಿಕ್ಕ ಯಜಮಾನರು ತೆಗೀಲಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ."

ಅವನು ಬಾಟಲಿಯನ್ನು ಮೈಯಿಂದ ದೂರ ಹಿಡಿದು ತೆಗೆದ. ಆದರೂ ಏಪ್ರನ್ ಉಳಿಯಲಿಲ್ಲ. ಉಳಿದರ್ಧ ಬಟ್ಟೆಯೂ ಕೆಂಪಾಯಿತು. ಯಜಮಾನಿ ಅದನ್ನು ನೋಡುತ್ತಾ ಕೂತರು, ಬೇಡ ಎನ್ನಲಿಲ್ಲ.

"ಇವಳ ಬಾಟಲಿಗಳು ಇವಳ ಹಾಗೇ ಸರ್. ಬಾಯಿ ಬಿಡಿಸೋಕೆ ಹೋದ್ರೆ ಮುಖಕ್ಕೇ ಹಾರ್ತವೆ. ಒಂದೇ ಒಂದು ಸುಮ್ಮನೆ ಬಾಯಿ ಬಿಡ್ತು. ಯಾಕೆ? ಯಾರೋ ಅದನ್ನ ಮೊದಲೇ ತೆಗೆದು, ಗಾಳಿ ಹೋಗೋಕೆ ಬಿಟ್ಟು, ಬೆರೆಸಬೇಕಾದ್ದನ್ನ ಬೆರೆಸಿ, ಮತ್ತೆ ಮುಚ್ಚಿದ್ದಾರೆ."

ಇನ್‌ಸ್ಪೆಕ್ಟರ್ ಕರವಸ್ತ್ರದಿಂದ ಗದ್ದ ಒರೆಸಿಕೊಂಡ. ಏನೋ ಹೇಳಲು ಬಾಯಿ ತೆರೆದ.

ಚಿಕ್ಕ ಯಜಮಾನ ನಕ್ಕ.

"ದಫೇದಾರಮ್ಮಾ, ನಾನೂ ಬೇಕರಿಯೋನೇ. ಯೀಸ್ಟ್ ಅಂದ್ರೇನು ಅಂತ ನನಗೂ ಗೊತ್ತು. ಸ್ಪಿರಿಟ್ ಬಿದ್ರೆ ಹುದುಗು ಸತ್ತೇ ಹೋಗುತ್ತೆ. ಸತ್ತಿದ್ದು ಉಕ್ಕುತ್ತಾ? ಇವಳೇ ಆ ಒಂದು ಬಾಟಲಿಗೆ ಮನೇಲೇ ಸ್ಪಿರಿಟ್ ಹಾಕಿ ಕಾರ್ಕ್ ಒತ್ತಿದ್ರೂ ಅದು ಹೀಗೇ ಸುಮ್ಮನಿರುತ್ತೆ. ನೀವು ನಿಮ್ಮ ಸೊಸೇನ ಉಳಿಸಿಲ್ಲ. ಕುತ್ತಿಗೆಗೆ ಹಗ್ಗ ಬಿಗಿದಿದ್ದೀರಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ದಫೇದಾರಮ್ಮನ ಕೈಯಲ್ಲಿ ಕೊಡೆ ಒಮ್ಮೆ ತಿರುಗಿ ನಿಂತಿತು. ಇನ್‌ಸ್ಪೆಕ್ಟರ್ ಜೇಬಿನಿಂದ ಮಡಚಿದ ಕಾಗದ ತೆಗೆದ.

"ಸಹಿ ಹಾಕಮ್ಮಾ," ಎಂದ. "ಇನ್ನು ನನ್ನ ಕೈಲೂ ಏನಿಲ್ಲ."

ಮೊಂಡಿ ಕಾಗದದ ಕಡೆ ನೋಡಲಿಲ್ಲ. "ಅಮ್ಮಾವ್ರೇ, ಯಜಮಾನರು ನನ್ನ ಬಾಟಲಿ ಎಲ್ಲಿಟ್ಟಿದ್ರು?"

"ಅವರ ಸ್ವಂತ ಕಪಾಟಲ್ಲಿ. ಪಕ್ಕದ ಕೋಣೇದು."

"ಬನ್ನಿ ಎಲ್ಲರೂ."

"ಇನ್ನೂ ಏನೇನು ನಾಟಕ..." ಚಿಕ್ಕ ಯಜಮಾನ ಗೊಣಗಿದ.

"ಬರೋಕೆ ಭಯವಾದ್ರೆ ಇಲ್ಲೇ ಇರಿ!"

ಅವನೂ ಬಂದ.

ಮೊಂಡಿ ಕಪಾಟು ತೆರೆದಳು. ಅವಳು ಎಂದೂ ಅದರ ಬಾಗಿಲು ಮುಟ್ಟಿದವಳಲ್ಲ. ಒಳಗೆ ಎಸೆನ್ಸ್ ಬಾಟಲಿಗಳು, ಹಳೆಯ ಕನ್ನಡಕ, ಕೇಕ್ ಡಬ್ಬಿ ಕಟ್ಟುವ ದಾರದ ಉಂಡೆ. ಕೆಳಗಿನ ಹಲಗೆಯ ಮೇಲೆ, ಬಾಟಲಿಯ ತಳದಷ್ಟೇ ಅಗಲಕ್ಕೆ, ಬಳೆಯಾಕಾರದ ಒಂದು ಕೆಂಪು ಕಲೆ. ಅದಕ್ಕೆ ಸೇರಿದಂತೆ ಸೋರಿ ಹರಿದ ಗುರುತು.

"ಅಯ್ಯೋ, ಅದಾ?" ಎಂದರು ಯಜಮಾನಿ. "ತಂದಿಟ್ಟ ಮೇಲೆ ಕಾರ್ಕ್ ತಾನೇ ಮೇಲೆ ಬಂದು ಸೋರ್ತಾ ಇತ್ತು. ನೋಡೇ, ನಮ್ಮ ಹುಡುಗಿ ಬಲೂನು ಬೀಳೋಕೂ ಕಾದಿಲ್ಲ ಅಂತ ನಕ್ಕಿದ್ರು. ಅವರೇ ಒತ್ತಿ ದಾರ ಕಟ್ಟಿದ್ರು. ಅವಳಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ ಅಂದ್ರು."

ಮೊಂಡಿ ಆ ದಾರದ ಉಂಡೆಯನ್ನು ಒಮ್ಮೆ ಮುಟ್ಟಿದಳು. ಆಮೇಲೆ ಚಿಕ್ಕ ಯಜಮಾನನ ಕಡೆ ತಿರುಗಿದಳು.

"ಸತ್ತಿದ್ದು ಉಕ್ಕುತ್ತಾ ಅಂತ ಕೇಳಿದ್ರಲ್ಲ. ಈ ಹಲಗೆ ಮೇಲೆ ಉಕ್ಕಿದೆ. ನನ್ನ ಕೈಯಿಂದ ಬರುವಾಗ ಅದಕ್ಕೆ ಜೀವ ಇತ್ತು. ಸತ್ತಿದ್ದು ನಿಮ್ಮ ಮನೆಯೊಳಗೆ."

ಚಿಕ್ಕ ಯಜಮಾನನ ಕೈ ಏಪ್ರನ್ ಹುಡುಕಿತು. ಅದು ಒದ್ದೆಯಾಗಿತ್ತು. "ನಾನು ತೆಗೆದಾಗ ದಾರ ಗೀರ ಏನೂ ಇರ್ಲಿಲ್ಲ. ಅಣ್ಣ ಕೇಳಿದ, ಹೋಗಿ ತಂದೆ, ತೆಗೆದೆ. ಇಷ್ಟೇ. ಬೇಕಾದ್ರೆ ಬರೆದು ಕೊಡ್ತೀನಿ."

ಅವನ ದನಿಯಲ್ಲಿ ಮೊದಲ ಸಲ ಭಯವಿತ್ತು. ಅದು ಸುಳ್ಳಿನ ಭಯದ ಹಾಗೆ ಕೇಳಿಸಲಿಲ್ಲ.

ದಫೇದಾರಮ್ಮ ಬಗ್ಗಿ ಉಗುರಿನಿಂದ ಆ ಕೆಂಪು ಬಳೆಯನ್ನು ಕೆರೆದರು. ಕಲೆ ಉಗುರಿಗೆ ಹತ್ತಲಿಲ್ಲ, ಉಗುರೇ ಜಾರಿತು. ಹಲಗೆಯ ಮೇಲೆಲ್ಲ ಗಾಜಿನಂಥ ಹೊಳಪಿತ್ತು. ಕಲೆ ಆ ಹೊಳಪಿನ ಮೇಲಿರಲಿಲ್ಲ, ಕೆಳಗಿತ್ತು.

"ಇದಕ್ಕೆ ಯಾವಾಗ ಪಾಲಿಶ್ ಹೊಡೆಸಿದ್ದು?" ಅವರ ದನಿ ಬದಲಾಗಿತ್ತು.

"ವಾರ್ಷಿಕೋತ್ಸವಕ್ಕೆ ಮುಂಚೆ, ಅಂಗಡಿಗೆ ರಜೆ ಇದ್ದ ದಿನ."

ಬಾಟಲಿ ಸೋರಿದ ಮೇಲೆ, ಯಜಮಾನರು ಕುಡಿಯುವ ಮೊದಲು, ಯಾರೋ ಅದನ್ನು ಎತ್ತಿ ಪಕ್ಕಕ್ಕಿಟ್ಟು ಈ ಹಲಗೆಗೆ ಪಾಲಿಶ್ ಹೊಡೆದಿದ್ದರು. ಕೈಯಲ್ಲಿ ಬಾಟಲಿ. ಪಕ್ಕದಲ್ಲಿ ಸ್ಪಿರಿಟ್ ಡಬ್ಬಿ.

ಮೊಂಡಿಗೆ ಮುಂದಿನ ಪ್ರಶ್ನೆ ಬೇಡವಾಗಿತ್ತು. ಆದರೂ ಅವಳೇ ಕೇಳಿದಳು. "ಯಾರು ಹೊಡೆದದ್ದು ಅಮ್ಮಾವ್ರೇ?"

ಯಜಮಾನಿ ಅಚ್ಚರಿಯಿಂದ ನೋಡಿದರು.

"ಇನ್ಯಾರು? ನಿಮ್ಮಣ್ಣನೇ. ನಿನಗೆ ಹೇಳಿಲ್ವಾ?"

*

ದಫೇದಾರಮ್ಮನ ಮನೆ ಪಕ್ಕದ ಬೀದಿಯಲ್ಲೇ, ಅಣ್ಣ ಅಲ್ಲಿರುತ್ತಾನೆಂದು ಅವರಿಗೆ ಗೊತ್ತಿತ್ತು. ಜೀಪು ತರುವವರೆಗೆ ಸ್ವಲ್ಪ ಹೊತ್ತು ಕೊಡಿ, ನಾನೇ ಅವನನ್ನು ಕೂರಿಸಿ ಮಾತಾಡಿಸಿರುತ್ತೇನೆ ಎಂದು ಅವರು ಇನ್‌ಸ್ಪೆಕ್ಟರನಿಗೆ ಹೇಳಿ ಬಂದಿದ್ದರು. ಮೊಂಡಿ ಅವರಿಗಿಂತ ಮುಂದೆ ನಡೆದಳು.

ಅಣ್ಣ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಅತ್ತೆಯ ಮನೆಯ ಬೀಗದ ಕೈ ಅವನ ಹತ್ತಿರ ಯಾವಾಗಲೂ ಇರುತ್ತಿತ್ತು.

"ಸಹಿ ಹಾಕಿದ್ಯಾ?"

"ಸಿಹಿ ಆಗಲ್ಲ ಅಂದ್ಯಲ್ಲ," ಎಂದಳು ಮೊಂಡಿ. "ಕಪಾಟಿಗೆ ಪಾಲಿಶ್ ಹೊಡೆಯೋಕೆ ಸಿಹಿ ತಿನ್ಬೇಕಾಗಿಲ್ಲ, ಅಲ್ವಾ?"

ಅವನು ಉಗುರುಗಳನ್ನು ಮೇಜಿನ ಕೆಳಗೆ ಎಳೆದುಕೊಂಡ.

ಒಲೆಯ ಮೇಲಿನ ಹಲಗೆಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕ, ಅವಳು ಅತ್ತೆಗೆ ಕೊಟ್ಟಿದ್ದ ಬಾಟಲಿ ಇತ್ತು. ಮೊಂಡಿಯ ಕಣ್ಣು ಅದರ ಕುತ್ತಿಗೆಯಲ್ಲಿ ನಿಂತಿತು. ತಾನೇ ಓಡಿ ಬಂದು ಬಿಗಿದಿದ್ದ ದಾರ ಅಲ್ಲಿರಲಿಲ್ಲ.

ಅವಳು ಬಾಟಲಿ ಇಳಿಸಿದಳು.

"ಅದನ್ನ ಬಿಡೇ," ಎಂದರು ದಫೇದಾರಮ್ಮ.

ಅವಳು ಬಿಡಲಿಲ್ಲ. ತಿರುಪು ಹಾಕಿ ಎಳೆದಳು. ಕಾರ್ಕ್ ಬಂತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನೊರೆಯಿಲ್ಲ. ಒಂದು ಗುಳ್ಳೆಯೂ ಇಲ್ಲ.

ಮೊಂಡಿ ತಟ್ಟೆ ಸ್ಟ್ಯಾಂಡಿನಿಂದ ಲೋಟ ತೆಗೆದು ಕಂಠದ ತನಕ ಸುರಿದಳು. ಅಣ್ಣನ ಮುಂದೆ ಕುಕ್ಕಿದಳು. ಬೇರೆ ದಿನವಾಗಿದ್ದರೆ ಅವನು ಲೋಟ ಕಂಡಲ್ಲಿ ಕುಡಿಯುವವನು. ನೀರು ಕೊಟ್ಟರೂ ಯಾವುದಕ್ಕೆ ಬೆರೆಸಲಿ ಎಂದು ಕೇಳುವವನು.

"ಕುಡಿಯೋ."

ಅವನು ಅಲುಗಲಿಲ್ಲ.

"ಒಂದೇ ಒಂದು ಗುಟುಕು. ನನ್ನ ಡಬ್ಬಿಯಿಂದಲೇ ತಗೊಂಡಿರ್ಬೇಕು ಅಂದ್ಯಲ್ಲ, ಯಾವ ಡಬ್ಬಿ ಅಂತ ರುಚಿ ನೋಡಿ ಹೇಳು. ಅತ್ತೆ ಏನೋ ಮಾಡಿದ್ರು ನಿಂಗೆ? ಎತ್ತಿ ಆಡಿಸಿದವರು!"

ಅಣ್ಣ ತಲೆ ಎತ್ತಿದ. ಅವನು ತಂಗಿಯ ಕಡೆ ನೋಡುತ್ತಿರಲಿಲ್ಲ. ಅವಳ ಭುಜದ ಆಚೆ ನೋಡುತ್ತಿದ್ದ. ಕಣ್ಣು ಒದ್ದೆಯಾಗಿತ್ತು.

"ಅತ್ತೆ," ಎಂದ. "ಇವಳಿಗೆ ನೀವೇ ಹೇಳ್ತೀರಾ? ಇಲ್ಲ ನಾನೇ ಹೇಳ್ಲಾ?"

ಮೊಂಡಿ ತಿರುಗಿದಳು.

ದಫೇದಾರಮ್ಮ ಮೇಜಿನ ಮೇಲಿಂದ ಕಾರ್ಕ್ ಎತ್ತಿಕೊಂಡಿದ್ದರು. ಬಾಟಲಿಯ ಬಾಯಿಗೆ ಅದನ್ನು ಓರೆಯಾಗಿ ಇಟ್ಟು, ಅರ್ಧ ಸುತ್ತು ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿದರು. ಒಂದೇ ಒತ್ತಿಗೆ ಕೂತಿತು. ಅದನ್ನು ಕಲಿಯಲು ಮೊಂಡಿ ಎಷ್ಟೋ ಕಾರ್ಕ್ ಮುರಿದಿದ್ದಳು. ಅತ್ತೆ ವೈನ್ ಬಾಟಲಿ ಮುಟ್ಟಿದವರೇ ಅಲ್ಲ ಎಂದು ಅವಳು ತಿಳಿದಿದ್ದಳು. ಈ ಬಾಟಲಿಯ ಮೇಲೆ ಮೊದಲು ಕೈ ಪಳಗಿಸಿಕೊಂಡು, ಆಮೇಲೆ ಅಣ್ಣನನ್ನು ಯಜಮಾನರ ಕಪಾಟಿಗೆ ಕಳಿಸಿದ್ದು ಯಾರೆಂದು ಈಗ ಅವಳಿಗೆ ಹೊಳೆಯಿತು.

ಬೀದಿಯ ತುದಿಯಲ್ಲಿ ಜೀಪಿನ ಸದ್ದು ಕೇಳಿಸಿತು.

"ಮೊದಲು ಬಾಗಿಲಿಗೆ ಚಿಲಕ ಹಾಕು ಮಗಳೇ," ಎಂದರು ದಫೇದಾರಮ್ಮ. ದನಿ ಮೆತ್ತಗಿತ್ತು. "ಆಮೇಲೆ ಎಲ್ಲಾ ಹೇಳ್ತೀನಿ. ಇದು ಮನೆಯೊಳಗಿನ ಮಾತು."

ಜೀಪು ಹತ್ತಿರವಾಯಿತು. ಮೊಂಡಿ ಬಾಗಿಲಿನ ತನಕ ಹೋದಳು. ಚಿಲಕದ ಮೇಲೆ ಕೈಯಿಟ್ಟಳು. ಅತ್ತೆಯನ್ನು ನೋಡಿದಳು.

"ಹಾಕಲ್ಲ," ಎಂದಳು.

ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತೆರೆದಳು.